ಹೆಬ್ಬೆರಳಿಗೊಂದು ಫೇಷಿಯಲ್

ಮಡಕಶಿರದ ಬಸ್‌ಸ್ಟ್ಯಾಂಡ್ ಹಿಂದೆ
ಪಂಚರ್ ಅಂಗಡಿಯ ಪಕ್ಕ ನನ್ನದೊಂದು ಪಾರ್ಲರು.
ಬೋರ್ಡು ತೆಲುಗಿನಲ್ಲಿ, ಹರಟೆ ಕನ್ನಡದಲ್ಲಿ,
ಸಾಲದ ಲೆಕ್ಕ ಎರಡರಲ್ಲೂ.

ಕುರ್ಚಿಯಲ್ಲಿ ಅಗಳಿ ಕಡೆಯ ರೂಪಕಲಾ.
ಮದುವೆಗೆ ಇನ್ನು ಹತ್ತೊಂಬತ್ತು ದಿನ.
ಗಂಡಿನ ಅತ್ತಿಗೆ ಅಂದಳಂತೆ:
ಎಲ್ಲಾ ಸರಿ, ಬಣ್ಣವೊಂದು ಚೂರು ಏಳಬೇಕು.
ಇಡ್ಲಿ ಹಿಟ್ಟಿನ ಮಾತಾಡಿದ ಹಾಗೆ.

ಡಬ್ಬಿಯ ಕ್ರೀಮು ಬೇಡಕ್ಕ, ಹಣ್ಣಿನದೇ ಹಾಕು.
ಸರಿ. ಪರಂಗಿಹಣ್ಣು ಚಮಚದಲ್ಲಿ ಕೆರೆದು
ಒಂದು ಹಿಡಿ ಕಡಲೆಹಿಟ್ಟು, ಗಟ್ಟಿ ಮೊಸರು,
ಕಿವುಚಿ ಕಿವುಚಿ ನಾರು ತೆಗೆದು
ಹಣೆಯಿಂದ ಶುರು ಮಾಡಿದೆ.
ಕಣ್ಣಿನ ಸುತ್ತ ಬಿಡಬೇಕು, ತುಟಿಯ ಅಂಚೂ.
ಒಂದು ನೊಣ ಬಂತು.
ಯಾವುದು ನ್ಯಾಚುರಲ್ ಅಂತ ಅದಕ್ಕೂ ಗೊತ್ತು.

ಮೂಲೆಯಲ್ಲಿ ಅಮ್ಮ, ಕರಿಯಮ್ಮ.
ದೇವರ ಹೆಸರು. ಆ ದೇವರಿಗೆ ಬಣ್ಣ ಏಳಲಿ ಅಂತ
ಇಲ್ಲಿಯ ತನಕ ಯಾರೂ ಅಂದಿಲ್ಲ.
ಮುಂದೆ ಒಂದು ಮೂಟೆ ಹುಣಸೆ, ಕೈಯಲ್ಲಿ ಸಣ್ಣ ಸುತ್ತಿಗೆ.
ಕುಟ್ಟು, ಸೀಳು, ಬೀಜ ಹಾರಿಸು, ನಾರೆಳೆ.
ಮಂಡಿಯವರು ಕೆಜಿಗೆ ಇಷ್ಟು ಅಂತ ಕೊಡುತ್ತಾರೆ;
ಆ ಇಷ್ಟು ಎಷ್ಟು ಅಂದರೆ ನೀವು ನಂಬುವುದಿಲ್ಲ.
ಮಾಘದಿಂದ ಚೈತ್ರ ಕಳೆಯುವ ತನಕ,
ಮೂವತ್ತೊಂದು ವರ್ಷ.

'ನಿಂಬೆ ಹಿಂಡಬೇಡವೇ, ಎಳೇ ಮುಖ, ಉರಿದೀತು.'
ತಲೆಯೆತ್ತದೆ ಅಂದಳು.
ಹುಳಿಯ ವಿಷಯದಲ್ಲಿ ಅವಳ ಹತ್ತಿರ ನಾನು ವಾದಿಸುವುದಿಲ್ಲ.

ತಲೆಗೆ ಅಂಟುವಾಳ, ಸೀಗೆ, ನಾಲ್ಕು ನೆಲ್ಲಿಕಾಯಿ,
ಕಬ್ಬಿಣದ ಬಾಣಲೆಯಲ್ಲಿ ರಾತ್ರಿಯೆಲ್ಲ ನೆಂದು
ಬಾಣಲೆಯಷ್ಟೇ ಕಪ್ಪಾಗಿ ಕೂತಿದೆ.
ಅಮ್ಮ ಬಗ್ಗಿ ನೋಡಿದಳು.
'ಕೂದಲು ಕರ್ರಗಾಗಬೇಕು, ಮುಖ ಬೆಳ್ಳಗಾಗಬೇಕು.
ಹಣೆ ಹತ್ತಿರ ಗೆರೆ ಎಲ್ಲಿ ಎಳೀತೀಯೆ?'
ರೂಪಕಲಾ ನಕ್ಕಳು.
ಕೆನ್ನೆಯ ಪರಂಗಿ ಬಿರುಕು ಬಿಟ್ಟಿತು.

ಗೆರೆ ಅಂದಾಗ ನೆನಪಾಯಿತು.

ನಿನ್ನೆ ಸ್ಟೋರಿನಲ್ಲಿ, ರೇಷನ್ ಮಿಷನ್ನು
ಅಮ್ಮನ ಗುರುತು ಹಿಡಿಯಲಿಲ್ಲ.
ಬಲಗೈ ಹೆಬ್ಬೆರಳು. ಮಳ್ಳೀ ಪೆಟ್ಟಂಡಿ, ಅಂದಿತು.
ಎಡಗೈ. ಮಳ್ಳೀ ಪೆಟ್ಟಂಡಿ.
ಸೆರಗಿಗೆ ಒರೆಸಿದಳು, ಬೈತಲೆಗೆ ಉಜ್ಜಿ ಎಣ್ಣೆ ಹತ್ತಿಸಿದಳು,
ಉಂಗುರದ ಬೆರಳು, ಕಿರುಬೆರಳು,
ಹತ್ತೂ ಮುಗಿದ ಮೇಲೆ ಸ್ಟೋರಿನ ಮುದ್ದರಂಗಪ್ಪ
'ಕರಿಯಮ್ಮಕ್ಕ, ನೀನು ನೀನಲ್ಲ ಅಂತಿದೆ' ಎಂದು
ಖಾಲಿ ಚೀಲ ಹಿಂದಕ್ಕೆ ಕೊಟ್ಟ.

ರಾತ್ರಿ ಬೆರಳುಗಳನ್ನು ಬೆಳಕಿಗೆ ಹಿಡಿದು ನೋಡಿದೆ.
ಹುಣಸೆ ತಿಂದ ತುದಿಗಳು.
ಗೆರೆಯಿಲ್ಲ, ಸುಳಿಯಿಲ್ಲ, ಸವೆದ ನಾಣ್ಯ.
ಕೂಸಿನ ಕೆನ್ನೆಯ ನುಣುಪು.
ನಮ್ಮ ಮನೆಯಲ್ಲೆಲ್ಲ ಬೆಳ್ಳಗಿರುವ ಜಾಗ ಅದೊಂದೇ.
ಹಿಂದೂಪುರದ ದೊಡ್ಡ ಪಾರ್ಲರಿನಲ್ಲಿ ಇದಕ್ಕೇ
ಫ್ರೂಟ್ ಪೀಲ್ ಅಂತ ಹೆಸರಿಟ್ಟು
ಎರಡು ಸಾವಿರ ತೆಗೆದುಕೊಳ್ಳುತ್ತಾರೆ.
ಅಮ್ಮನಿಗೆ ಬಿಟ್ಟಿ.

ಹುಡುಗಿಯ ಮುಖ ಒಣಗಲು ಇಪ್ಪತ್ತು ನಿಮಿಷ.
ಕಪ್ಪು ಚುಕ್ಕೆ ಬಿದ್ದ ಏಲಕ್ಕಿ ಬಾಳೆ ಒಂದು,
ಹರಳೆಣ್ಣೆ ನಾಲ್ಕು ಹನಿ, ಬೆಣ್ಣೆಯಾಗುವಷ್ಟು ಕಿವುಚಿ
'ಕೈ ತಾರಮ್ಮ' ಅಂದೆ.
'ಇನ್ನೂ ಅರ್ಧ ಮೂಟೆ ಇದೆ.'
'ತಾ ಅಂದೆನಲ್ಲ.'

ಇಷ್ಟು ವರ್ಷದಲ್ಲಿ ಮೊದಲ ಸಲ
ಅಮ್ಮ ಎರಡನೇ ಕುರ್ಚಿಯಲ್ಲಿ ಕೂತಳು,
ಒರಗದೆ, ತುದಿಯಲ್ಲಿ, ಬಸ್ಸು ಬರುತ್ತದೇನೋ ಎಂಬಂತೆ.
ಒಂದೊಂದು ಬೆರಳಿಗೂ ಒಂದೊಂದು ಮುಖಕ್ಕೆ ಹಚ್ಚುವಂತೆ ಹಚ್ಚಿದೆ.
ಹೆಬ್ಬೆರಳಿಗೆ ಎರಡು ಪದರ.

'ಗೆರೆ ಬರುತ್ತಾ?'
'ಗೊತ್ತಿಲ್ಲಮ್ಮ. ಒಂದು ತಿಂಗಳು ಹುಣಸೆ ಮುಟ್ಟದಿದ್ದರೆ...'
'ಹಂಗಾದ್ರೆ ಬರಲ್ಲ ಬಿಡು.'

ರೂಪಕಲಾ ಏನೂ ಅನ್ನಲಿಲ್ಲ, ಬಾಯಿ ಬಿಟ್ಟರೆ ಪರಂಗಿ ಉದುರುತ್ತದೆ.
ಕುರ್ಚಿಯಿಂದ ಇಳಿದು, ಕೊರಳಿನ ಟವೆಲು ಹಾಗೇ ಇರಲು
ಮೂಟೆಯ ಮುಂದೆ ಕುಕ್ಕರುಗಾಲಲ್ಲಿ ಕೂತು
ಸುತ್ತಿಗೆ ಎತ್ತಿಕೊಂಡಳು.
ಒಂದೇ ಏಟು, ಬೀಜ ಹೊರಗೆ, ತೊಳೆ ಇಡಿಯಾಗಿ.
ಅಗಳಿಯವಳಲ್ಲವಾ, ಹದ ಗೊತ್ತು.

ಅಮ್ಮ ಅವಳನ್ನೇ ನೋಡುತ್ತ
ಕಿರುಬೆರಳು ನೆಕ್ಕಿ, ಮುಖ ಹುಳ್ಳಗೆ ಮಾಡಿ,
'ಬಾಳೆಹಣ್ಣು ಚೆನ್ನಾಗಿತ್ತು' ಅಂದಳು,
'ಹರಳೆಣ್ಣೆ ಹಾಕಿ ಯಾಕೆ ಕೆಡಿಸಿದೆ?'